ಇಲಿಯ ಮೈ ‘ತಣ್ಣಗಾಯಿತು’ ಅಂತ ಬರೆಯುವ ಮುನ್ನ

ವಿಜ್ಞಾನದ ಸುದ್ದಿಯನ್ನು ಕನ್ನಡಕ್ಕೆ ತರುವವರು, ಶಾಲೆಯಲ್ಲಿ ಪಾಠ ಮಾಡುವವರು, ಪಿಎಚ್‌ಡಿ ಮಾಡುತ್ತಾ ಮನೆಯವರಿಗೆ ತಮ್ಮ ಕೆಲಸ ವಿವರಿಸಲು ಹೆಣಗುವವರು, ಇವರೆಲ್ಲ ಸುತ್ತಿಬಳಸಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ‘ಇಲಿಯ ಮೈಬಿಸಿ ಇಳಿಯಿತು ಅನ್ನೋದಕ್ಕೆ ಸರಿಯಾದ ಪದ ಯಾವುದು? ಶೀತನಿದ್ರೆ ಅಂದರೆ ನಡೆಯುತ್ತಾ? ಹೈಪೋಥರ್ಮಿಯಾ ಅಂತಲೇ ಬಿಟ್ಟುಬಿಡೋದಾ?’

ಯಾವ ಇಲಿ, ಯಾವ ಕೋಣೆ, ಯಾರು ಇಳಿಸಿದ್ದು ಅಂತ ನೋಡದೆ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ನಾನೂ ಒಮ್ಮೆ ನೋಡದೇ ಬರೆದಿದ್ದೆ. ‘ಉಪವಾಸ ಇಟ್ಟ ಇಲಿಗಳ ಮೈ ಕೆಲವೇ ಗಂಟೆಗಳಲ್ಲಿ ತಣ್ಣಗಾಯಿತು’ ಅನ್ನುವುದು ನನ್ನ ವಾಕ್ಯ. ಓದಿದ ನಮ್ಮತ್ತೆ, ‘ಅಯ್ಯೋ ಪಾಪ, ಎಷ್ಟು ಸತ್ತವು?’ ಅಂದರು. ತಪ್ಪು ಅವರದ್ದಲ್ಲ. ಕನ್ನಡದಲ್ಲಿ ಮೈ ತಣ್ಣಗಾಯಿತು ಅಂದರೆ ಹೋಯಿತು ಅಂತಲೇ ಅರ್ಥ. ಆ ಇಲಿಗಳು ಸಂಜೆ ಎದ್ದು ಓಡಾಡಿದ್ದವು.

ಅಲ್ಲಿಂದ ಈಚೆಗೆ ನಾನು ಅನುಸರಿಸುವ ಕ್ರಮ ಇದು.

ಕೈಯಲ್ಲಿ ಏನಿರಬೇಕು

ಮೂಲ ಪ್ರಬಂಧ ಬೇಕು. ಸಂಸ್ಥೆಯವರು ಹಂಚುವ ಪತ್ರಿಕಾ ಪ್ರಕಟಣೆ ಸಾಲದು, ಅದರಲ್ಲಿ ಬಣ್ಣ ಜಾಸ್ತಿ. ಪ್ರಬಂಧ ಪೂರ್ತಿ ಓದಲು ಹೊತ್ತಿಲ್ಲದಿದ್ದರೆ ‘ವಿಧಾನ’ ಎಂಬ ಭಾಗಕ್ಕೆ ನೇರವಾಗಿ ಹೋಗಿ. ಪ್ರಯೋಗ ಹೇಗೆ ಮಾಡಿದರು ಅನ್ನುವುದು ಇರುವುದು ಅಲ್ಲೇ. ಒಂದು ಚೀಟಿಯಲ್ಲಿ ಐದು ಸಂಗತಿ ಬರೆದುಕೊಳ್ಳಿ: ಯಾವ ಪ್ರಾಣಿ, ತಾಪಮಾನ ಅಳೆದದ್ದು ಮೈಯ ಯಾವ ಜಾಗದಲ್ಲಿ, ಕೋಣೆ ಎಷ್ಟು ಡಿಗ್ರಿ ಇತ್ತು, ಹೊಟ್ಟೆಗೆ ಹಾಕಿದ್ದರಾ ಇಲ್ಲವಾ, ಕೊನೆಗೆ ಇಲಿ ತಾನಾಗಿ ಬಿಸಿಯಾಯಿತಾ.

ಜೊತೆಗೆ ತಲೆಯಲ್ಲಿ ಇಟ್ಟುಕೊಳ್ಳಲು ನಾಲ್ಕು ಅಂಕಿ. ಪ್ರಯೋಗಾಲಯದ ಬೆಳೆದ ಚಿಕ್ಕ ಇಲಿ (ಮೌಸ್) ತೂಗುವುದು 20ರಿಂದ 30 ಗ್ರಾಂ. ಅದರ ಮೈಯೊಳಗಿನ ತಾಪಮಾನ ಸಾಮಾನ್ಯವಾಗಿ 36.5ರಿಂದ 38 ಡಿಗ್ರಿ ಸೆಲ್ಸಿಯಸ್. ಅಂದರೆ ಹೆಚ್ಚುಕಡಿಮೆ ನಮ್ಮಷ್ಟೇ. ಇಲಿ ನಿಶಾಚರಿ, ಹಾಗಾಗಿ ರಾತ್ರಿ ಓಡಾಡುವಾಗ ಸುಮಾರು ಒಂದು ಡಿಗ್ರಿ ಜಾಸ್ತಿ, ಹಗಲು ಮಲಗಿದಾಗ ಕಡಿಮೆ. ‘ಇಲಿಯ ತಾಪಮಾನ ಒಂದು ಡಿಗ್ರಿ ಇಳಿಯಿತು’ ಅಂತ ಯಾರಾದರೂ ಬೆರಗಾಗಿ ಬರೆದಿದ್ದರೆ, ಮೊದಲು ಎರಡೂ ಸಲ ಅಳೆದದ್ದು ಒಂದೇ ಹೊತ್ತಿನಲ್ಲಾ ಅಂತ ನೋಡಿ.

1. ಯಾವ ಇಲಿ ಅಂತ ಖಚಿತ ಮಾಡಿಕೊಳ್ಳಿ

ನಮ್ಮಲ್ಲಿ ಚಿಕ್ಕದೂ ಇಲಿ, ದೊಡ್ಡದೂ ಇಲಿ. ಇಂಗ್ಲಿಷಿನವರು ಮೌಸ್ ಅಂದದ್ದೂ ಇಲಿ, ರ‍್ಯಾಟ್ ಅಂದದ್ದೂ ಇಲಿ. ಮನೆಯಲ್ಲಿ ಮಾತಾಡುವಾಗ ಇದರಿಂದ ತೊಂದರೆಯಿಲ್ಲ. ತಾಪಮಾನದ ವಿಷಯಕ್ಕೆ ಬಂದರೆ ದೊಡ್ಡ ತೊಂದರೆ. ರ‍್ಯಾಟ್ ಇನ್ನೂರು ಮುನ್ನೂರು ಗ್ರಾಂ ತೂಗುತ್ತದೆ, ಮೌಸ್‌ನ ಹತ್ತು ಪಟ್ಟು. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಶಾಖ ಸೋರುವುದೂ ಜಾಸ್ತಿ. ಒಂದು ಲೋಟ ಕಾಫಿ ಹಂಡೆ ನೀರಿಗಿಂತ ಬೇಗ ಆರುವುದಿಲ್ಲವೇ, ಹಾಗೆ. ಚಿಕ್ಕ ಇಲಿ ಹಸಿದಾಗ ತಾಪಮಾನ ಇಳಿಸಿ ಕೂರುತ್ತದೆ. ಪ್ರಯೋಗಾಲಯದ ರ‍್ಯಾಟ್ ಆ ಕೆಲಸ ಮಾಡುವುದಿಲ್ಲ. ಎರಡಕ್ಕೂ ‘ಇಲಿ’ ಅಂದುಬಿಟ್ಟರೆ ಓದುಗರಿಗೆ ಎರಡೂ ಕಲಸಿಹೋಗುತ್ತದೆ.

ನಾನು ಮೌಸ್‌ಗೆ ‘ಚಿಕ್ಕ ಇಲಿ’ ಅಂತ ಒಮ್ಮೆ ಹೇಳಿ ಮುಂದೆ ‘ಇಲಿ’ ಅನ್ನುತ್ತೇನೆ. ರ‍್ಯಾಟ್ ಬಂದಾಗ ‘ದೊಡ್ಡ ಇಲಿ’ ಅಥವಾ ‘ರ‍್ಯಾಟ್’ ಎಂದೇ ಬರೆಯುತ್ತೇನೆ. ಹೆಗ್ಗಣ ಅನ್ನಬೇಡಿ, ಅದು ಬೇರೆಯೇ ಪ್ರಾಣಿ. ‘ಸುಂಡಿಲಿ’ ಪದ ಚೆನ್ನಾಗಿದೆ, ಆದರೆ ಕೆಲವು ಕಡೆ ಅದು ಮನೆಯ ಚಿಕ್ಕ ಇಲಿ, ಇನ್ನು ಕೆಲವು ಕಡೆ ಉದ್ದ ಮೂತಿಯ, ಗಬ್ಬು ವಾಸನೆಯ ಇನ್ನೊಂದು ಪ್ರಾಣಿ. ಆ ಎರಡನೆಯದು ಇಲಿಯ ಜಾತಿಯೇ ಅಲ್ಲ.

ವಯಸ್ಸೂ ನೋಡಿ. ಅಟ್ಟದ ಹಳೇ ಬಟ್ಟೆ ಗಂಟು ಬಿಚ್ಚಿದಾಗ ಗುಲಾಬಿ ಬಣ್ಣದ, ಕಣ್ಣು ಬಿಡದ ಮರಿಗಳ ಗುಂಪು ಕಂಡಿರುತ್ತೀರಿ. ಹುಟ್ಟಿದ ಮರಿ ಒಂದರಿಂದ ಒಂದೂವರೆ ಗ್ರಾಂ ಇರುತ್ತದೆ, ಮೈಮೇಲೆ ಕೂದಲಿಲ್ಲ. ಅದಕ್ಕೆ ತನ್ನ ತಾಪಮಾನ ಕಾಯ್ದುಕೊಳ್ಳಲು ಸರಿಯಾಗಿ ಬರುವುದಿಲ್ಲ. ಗುಂಪಾಗಿ ಅಂಟಿಕೊಂಡು, ತಾಯಿಯ ಹೊಟ್ಟೆಯಡಿ ಬೆಚ್ಚಗಿರುತ್ತದೆ. ಹಾಗಾಗಿ ‘ಇಲಿಗಳು ಬಿಸಿರಕ್ತದ ಪ್ರಾಣಿಗಳು’ ಅನ್ನುವ ಸಾಲು ಮೊದಲ ವಾರದ ಮರಿಗೆ ಅಷ್ಟಾಗಿ ಹೊಂದುವುದಿಲ್ಲ.

2. ನಮ್ಮ ಪದಗಳ ಹಳೇ ಅರ್ಥಗಳನ್ನು ಒಮ್ಮೆ ಜಾಲಿಸಿ

ಪದಕೋಶ ನೋಡಿ ಬರೆಯುವವರು ಜಾರಿ ಬೀಳುವುದು ಇಲ್ಲಿ. ಪದ ಸರಿಯಾಗಿಯೇ ಇರುತ್ತದೆ, ಆದರೆ ಓದುಗರ ಕಿವಿಯಲ್ಲಿ ಅದಕ್ಕೆ ಬೇರೆ ಅರ್ಥ ಇರುತ್ತದೆ.

ಉಷ್ಣ: ‘ಪಪ್ಪಾಯ ತಿಂದರೆ ಉಷ್ಣ’ ಅನ್ನುವ ನಾಡು ನಮ್ಮದು. ಕಣ್ಣು ಉರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ. ಇದಕ್ಕೂ ಥರ್ಮಾಮೀಟರಿಗೂ ಸಂಬಂಧವಿಲ್ಲ. ‘ಇಲಿಯ ಮೈಯಲ್ಲಿ ಉಷ್ಣ ಹೆಚ್ಚಿತು’ ಅಂತ ಬರೆದರೆ ಓದುಗರು ಎಳನೀರು ಕೊಡಿ ಅನ್ನುತ್ತಾರೆ.

ಶೀತ: ‘ಇಲಿಗೆ ಶೀತವಾಯಿತು’ ಅಂದರೆ ಮೂಗು ಸೋರುತ್ತಿದೆ ಅಂತ. ‘ಶೀತಕ್ಕೆ ಒಡ್ಡಿದರು’ ಅನ್ನುವ ಬದಲು ‘ಚಳಿಯಲ್ಲಿಟ್ಟರು’ ಅಥವಾ ‘4 ಡಿಗ್ರಿಯ ಕೋಣೆಯಲ್ಲಿಟ್ಟರು’ ಅನ್ನಿ.

ಕಾವು: ಚೆಂದದ ಪದ. ಆದರೆ ಕೋಳಿ ಮೊಟ್ಟೆಗೆ ಕೊಡುವುದೂ ಕಾವೇ. ಮರಿ ಇರುವ ತಾಯಿ ಇಲಿಯ ಬಗ್ಗೆ ಬರೆಯುವಾಗ ಹುಷಾರು.

ಬಿಸಿರಕ್ತ, ಶೀತರಕ್ತ: ಶಾಲೆಯ ಪುಸ್ತಕದಿಂದ ಬಂದ ಪದಗಳು. ಅರ್ಥ ಎಲ್ಲರಿಗೂ ಗೊತ್ತು, ಆದರೆ ಎರಡೂ ದಾರಿ ತಪ್ಪಿಸುತ್ತವೆ. ಮಧ್ಯಾಹ್ನ ಬಂಡೆಯ ಮೇಲೆ ಕೂತು ತಲೆಯಾಡಿಸುವ ಓತಿಕ್ಯಾತನ ರಕ್ತ ನಮ್ಮ ರಕ್ತದಷ್ಟೇ ಬಿಸಿ ಇರಬಹುದು. ಅದಕ್ಕೆ ಶೀತರಕ್ತ ಅನ್ನುವುದು ಹೇಗೆ? ರಕ್ತ ಎಷ್ಟು ಬಿಸಿ ಅನ್ನುವುದರಲ್ಲಿ ವ್ಯತ್ಯಾಸ ಇಲ್ಲ, ಶಾಖ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ ಇದೆ. ಇಲಿ ತಿಂದದ್ದನ್ನು ಉರಿಸಿ ಒಳಗೇ ಶಾಖ ಮಾಡಿಕೊಳ್ಳುತ್ತದೆ. ಓತಿ ಹೊರಗಿನಿಂದ, ಬಿಸಿಲಿನಿಂದ ಪಡೆಯುತ್ತದೆ. ‘ಒಳಶಾಖದ ಪ್ರಾಣಿ’, ‘ಹೊರಶಾಖದ ಪ್ರಾಣಿ’ ಅಂತ ನಾನು ಬರೆಯುತ್ತೇನೆ. ಮೊದಲ ಸಲ ಒಂದು ವಾಕ್ಯ ವಿವರಣೆ ಬೇಕು, ಆಮೇಲೆ ಸಲೀಸು.

ಇನ್ನು ತಾಪಮಾನ, ಉಷ್ಣಾಂಶ, ಉಷ್ಣತೆ. ಮೂರರಲ್ಲಿ ಒಂದನ್ನು ಹಿಡಿದು ಕೊನೆತನಕ ಅದನ್ನೇ ಬಳಸಿ. ಪದ ಮರುಕಳಿಸಬಾರದು ಅಂತ ಒಂದೊಂದು ಪ್ಯಾರಾದಲ್ಲಿ ಒಂದೊಂದು ಹಾಕಿದರೆ ಮೂರು ಬೇರೆ ಸಂಗತಿ ಅನ್ನಿಸುತ್ತದೆ. ‘ಶಾಖ’ವನ್ನು ಮಾತ್ರ ಪ್ರತ್ಯೇಕ ಇಡಿ. ಶಾಖ ಹರಿಯುತ್ತದೆ, ಸೋರುತ್ತದೆ, ಹುಟ್ಟುತ್ತದೆ. ತಾಪಮಾನ ಏರುತ್ತದೆ, ಇಳಿಯುತ್ತದೆ. ತಾಪಮಾನ ‘ಸೋರಿತು’ ಅಂತ ಬರೆದಿದ್ದರೆ ಹೊಡೆದುಹಾಕಿ.

3. ಎಲ್ಲಿ ಅಳೆದರು ಅಂತ ನೋಡಿ

ಇಲಿಯ ತಾಪಮಾನ ಅಳೆಯಲು ಸಾಮಾನ್ಯವಾಗಿ ಮೂರು ದಾರಿ. ಗುದದೊಳಗೆ ಸುಮಾರು ಎರಡು ಸೆಂಟಿಮೀಟರ್ ತೆಳುವಾದ ಅಳತೆಕಡ್ಡಿ ಇಡುವುದು. ಹೊಟ್ಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿ ಪುಟ್ಟ ರೇಡಿಯೋ ಸಾಧನ ಕೂರಿಸುವುದು, ಇದಕ್ಕೆ ಟೆಲಿಮೆಟ್ರಿ ಅನ್ನುತ್ತಾರೆ, ದೂರದಿಂದಲೇ ಓದಬಹುದು. ಮೂರನೆಯದು ಅವಕೆಂಪು ಕ್ಯಾಮೆರಾ, ಕೋವಿಡ್ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನಿನ ಅಣ್ಣ.

ಮೊದಲ ಎರಡು ಒಳಮೈಯದ್ದು, ಮೂರನೆಯದು ಬರೀ ಮೇಲ್ಮೈಯದ್ದು. ಇಲಿಯ ಬಾಲದ ಮೇಲೆ ತುಪ್ಪಳ ಇಲ್ಲವೆನ್ನುವಷ್ಟು ಕಡಿಮೆ. ಸೆಕೆಯಾದಾಗ ಬಾಲಕ್ಕೆ ರಕ್ತ ಹೆಚ್ಚು ಹರಿಸಿ ಶಾಖ ಹೊರಹಾಕುತ್ತದೆ, ಚಳಿಯಾದಾಗ ಬಾಲದ ರಕ್ತ ಕಡಿಮೆ ಮಾಡುತ್ತದೆ. ಹಾಗಾಗಿ ಒಳಮೈ 37ರಲ್ಲೇ ಇದ್ದು ಬಾಲ ಮಾತ್ರ ತಣ್ಣಗಿರಬಹುದು. ಚಿತ್ರದಲ್ಲಿ ಬಾಲ ನೀಲಿ ಕಂಡಿತು ಅಂತ ‘ಇಲಿಯ ತಾಪಮಾನ ಇಳಿಯಿತು’ ಎಂದು ಬರೆಯಬೇಡಿ. ‘ಚರ್ಮದ ತಾಪಮಾನ’ ಅನ್ನಿ.

ಇನ್ನೊಂದು ಮೋಸ ಇದೆ. ಇಲಿಯನ್ನು ಕೈಯಲ್ಲಿ ಹಿಡಿದು ಕಡ್ಡಿ ಇಟ್ಟರೆ ಅದಕ್ಕೆ ಗಾಬರಿ. ಹತ್ತು ಹದಿನೈದು ನಿಮಿಷದಲ್ಲಿ ಆ ಗಾಬರಿಯಿಂದಲೇ ತಾಪಮಾನ ಒಂದು ಡಿಗ್ರಿಯವರೆಗೆ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಏರುತ್ತದೆ. ಅಳೆಯಲು ಹೋಗಿ ಅಳತೆಯನ್ನೇ ಕೆಡಿಸಿದ ಹಾಗೆ. ಎರಡು ಸಲ ಹಿಡಿದು ಅಳೆದು, ಎರಡನೇ ಸಲ ಜಾಸ್ತಿ ಬಂದರೆ, ‘ಔಷಧಿಯಿಂದ ಜ್ವರ ಬಂತು’ ಅನ್ನಲು ಅವಸರ ಬೇಡ. ಔಷಧಿ ಕೊಡದೆ, ಅಷ್ಟೇ ಸಲ ಹಿಡಿದ ಇಲಿಗಳ ಗುಂಪು ಇತ್ತಾ ನೋಡಿ.

4. ಕೋಣೆ ಎಷ್ಟು ಡಿಗ್ರಿ ಇತ್ತು?

ನನ್ನನ್ನು ಕೇಳಿದರೆ ಕನ್ನಡದ ವರದಿಗಳಲ್ಲಿ (ಇಂಗ್ಲಿಷಿನವೂ ಬಿಡಿ) ಹೆಚ್ಚಾಗಿ ಬಿಟ್ಟುಹೋಗುವ ಅಂಕಿ ಇದು. ಬಿಟ್ಟುಹೋದರೆ ಉಳಿದ ಅಂಕಿಗಳಿಗೆ ಅರ್ಧ ಅರ್ಥ ಮಾತ್ರ.

ಪ್ರತಿ ಒಳಶಾಖದ ಪ್ರಾಣಿಗೂ ಒಂದು ಹಿತವಾದ ಹವೆ ಇರುತ್ತದೆ. ಆ ಹವೆಯಲ್ಲಿ ಮೈ ಬೆಚ್ಚಗಿಡಲು ಎಕ್ಸ್ಟ್ರಾ ಉರಿಸಬೇಕಾಗಿಲ್ಲ, ತಣ್ಣಗಾಗಿಸಲು ಒದ್ದಾಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಥರ್ಮೋನ್ಯೂಟ್ರಲ್ ವಲಯ ಅನ್ನುತ್ತಾರೆ. ಕನ್ನಡದಲ್ಲಿ ‘ತಟಸ್ಥ ತಾಪವಲಯ’ ಅಂತ ಬರೆದದ್ದನ್ನು ನೋಡಿದ್ದೇನೆ, ಅದನ್ನು ಓದಿದವರಿಗೆ ಚುನಾವಣೆ ನೆನಪಾಗುತ್ತದೆ. ನಾನು ‘ಹಿತವಲಯ’ ಅನ್ನುತ್ತೇನೆ. ಇಲಿಯ ಹಿತವಲಯ ಸುಮಾರು 30 ಡಿಗ್ರಿಯ ಆಸುಪಾಸು.

ಪ್ರಯೋಗಾಲಯಗಳಲ್ಲಿ ಇಲಿಗಳನ್ನು ಇಡುವುದು ಎಷ್ಟರಲ್ಲಿ ಗೊತ್ತಾ? ಅಮೆರಿಕದ ಪ್ರಯೋಗಾಲಯಗಳು ಪಾಲಿಸುವ ಕೈಪಿಡಿಯ 2011ರ ಆವೃತ್ತಿ ಹೇಳುವುದು 20ರಿಂದ 26. ಬಹುತೇಕ ಕಡೆ 22ರ ಹತ್ತಿರ ಇರುತ್ತದೆ. ಆ ಹವೆ ಹಿತವಾಗಿರುವುದು ಕೋಟು, ಕೈಗವಸು ತೊಟ್ಟು ಕೆಲಸ ಮಾಡುವ ಮನುಷ್ಯರಿಗೆ. ಇಲಿಗೆ ಅದು ಚಳಿ. ಪಂಜರದಲ್ಲಿ ಒಂದು ಟಿಶ್ಯೂ ಪೇಪರ್ ಹಾಕಿ ನೋಡಿ. ಅದನ್ನು ಹಲ್ಲಿನಿಂದ ಎಳೆ ಎಳೆಯಾಗಿ ಸೀಳಿ, ಸುತ್ತ ಒಟ್ಟಿ, ಮೇಲೆ ಗುಮ್ಮಟದಂತೆ ಮುಚ್ಚಿ, ಬಾಲ ಒಳಗೆಳೆದುಕೊಂಡು ಕೂರುತ್ತದೆ. ಜೊತೆಗಾರರಿದ್ದರೆ ಒಬ್ಬರ ಮೇಲೊಬ್ಬರು ಬಿದ್ದು ಮಲಗುತ್ತಾರೆ.

ಇಂಥ ಚಳಿಯಲ್ಲೂ ಇಲಿ 37 ಡಿಗ್ರಿ ಕಾಯ್ದುಕೊಳ್ಳುತ್ತದೆ. ಆದರೆ ಅದಕ್ಕೆ ಬೆಲೆ ಕೊಡಬೇಕು. ಹಿತವಲಯದಲ್ಲಿ ಉರಿಸುವುದಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಉರಿಸುತ್ತದೆ. ಎದೆಬಡಿತ ನಿಮಿಷಕ್ಕೆ 600ರ ಹತ್ತಿರ ಇರುತ್ತದೆ, 30 ಡಿಗ್ರಿಯಲ್ಲಿಟ್ಟರೆ ಗಣನೀಯವಾಗಿ ಇಳಿಯುತ್ತದೆ. ಭುಜದ ಎಲುಬುಗಳ ನಡುವೆ ಇರುವ ಕಂದುಕೊಬ್ಬು ಸದಾ ಕೆಲಸ ಮಾಡುತ್ತಿರುತ್ತದೆ. ಕಂದುಕೊಬ್ಬು ಅಂದರೆ ನಡುಗದೆಯೇ ಶಾಖ ಮಾಡಿಕೊಡುವ ಒಂದು ಬಗೆಯ ಕೊಬ್ಬು. ನಮ್ಮ ಹೊಟ್ಟೆಯ ಸುತ್ತ ಕೂಡಿಡುವ ಬಿಳಿಕೊಬ್ಬಿನ ಹಾಗೆ ಅದು ಸುಮ್ನೆ ಕೂರುವುದಿಲ್ಲ.

ಇದು ತಾಪಮಾನದ ಪ್ರಯೋಗಕ್ಕಷ್ಟೇ ಸೀಮಿತ ಅಂದುಕೊಳ್ಳಬೇಡಿ. ಅಮೆರಿಕದ ರಾಸ್ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯ ತಂಡ 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಗೆಡ್ಡೆ ಇದ್ದ ಇಲಿಗಳನ್ನು 22ರ ಆಸುಪಾಸಿನ ಬದಲು 30ರ ಆಸುಪಾಸಿನಲ್ಲಿ ಇಟ್ಟಾಗ ಗೆಡ್ಡೆ ನಿಧಾನಕ್ಕೆ ಬೆಳೆಯಿತು. ಗೆಡ್ಡೆಯ ವಿರುದ್ಧ ರೋಗನಿರೋಧಕ ಶಕ್ತಿ ಚೆನ್ನಾಗಿ ಕೆಲಸ ಮಾಡಿತು. ಕೋಣೆಯ ಎಂಟು ಡಿಗ್ರಿ ಇಷ್ಟು ವ್ಯತ್ಯಾಸ ಮಾಡುತ್ತದೆ. ಆದ್ದರಿಂದ ‘ಮಾಮೂಲಿ ಕೋಣೆಯ ತಾಪಮಾನದಲ್ಲಿ’ ಅಂತ ಬರೆದು ಮುಂದೆ ಹೋಗಬೇಡಿ. ಬೆಂಗಳೂರಿನ ಮಾಮೂಲಿಯೇ ಬೇರೆ, ರಾಯಚೂರಿನ ಮಾಮೂಲಿಯೇ ಬೇರೆ. ‘22 ಡಿಗ್ರಿಯಲ್ಲಿ, ಅಂದರೆ ಇಲಿಗೆ ಚಳಿ ಅನ್ನಿಸುವ ಹವೆಯಲ್ಲಿ’ ಅಂತ ಬರೆಯಿರಿ. ನಾಲ್ಕು ಪದ ಹೆಚ್ಚಾಗುತ್ತದೆ, ಆಗಲಿ.

5. ಹೆಸರಿಗಿಂತ ಮೊದಲು ಕ್ರಿಯಾಪದ ಹುಡುಕಿ

ಎಲ್ಲರೂ ಕೇಳುವುದು ಹೆಸರು, ಟಾರ್ಪರಾ, ಹೈಪೋಥರ್ಮಿಯಾನಾ ಅಂತ (ಇವುಗಳ ಅರ್ಥ ಮುಂದಿನ ಹಂತದಲ್ಲಿದೆ). ನಾನು ಮೊದಲು ಹುಡುಕುವುದು ಕ್ರಿಯಾಪದ. ಈ ವಿಷಯದಲ್ಲಿ ಕನ್ನಡ ನಮ್ಮ ಕೈಗೆ ಒಳ್ಳೆಯ ಸಾಧನ ಕೊಟ್ಟಿದೆ. ಅದು ‘ಕೊಳ್ಳು’. ಈ ಮೂರು ವಾಕ್ಯ ಓದಿ.

ಇಲಿ ತನ್ನ ತಾಪಮಾನ ಇಳಿಸಿಕೊಂಡಿತು.
ಇಲಿಯ ತಾಪಮಾನ ಕುಸಿಯಿತು.
ಇಲಿಯ ತಾಪಮಾನವನ್ನು ಇಳಿಸಿದರು.

ಮೂರರಲ್ಲೂ ಥರ್ಮಾಮೀಟರ್ 27 ಡಿಗ್ರಿ ತೋರಿಸಬಹುದು. ಆದರೆ ನಡೆದದ್ದು ಮೂರು ಬೇರೆ ಸಂಗತಿ.

ಇಸ್ತ್ರಿಪೆಟ್ಟಿಗೆ ನೆನಪಿಸಿಕೊಳ್ಳಿ. ಅದರಲ್ಲಿ ಹತ್ತಿಗೆ ಇಷ್ಟು, ರೇಷ್ಮೆಗೆ ಇಷ್ಟು ಅಂತ ತಿರುಗಿಸುವ ಗುಂಡಿ ಇದೆ. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗದಲ್ಲಿ ಇಂಥದ್ದೇ ಒಂದು ಗುಂಡಿ ಇದೆ ಅಂತ ಭಾವಿಸಿ. ಅದು ತೋರುವ ಮಟ್ಟಕ್ಕೆ ವಿಜ್ಞಾನಿಗಳು ಸೆಟ್ ಪಾಯಿಂಟ್ ಅನ್ನುತ್ತಾರೆ, ನಾವು ‘ಗೊತ್ತುಮಟ್ಟ’ ಅನ್ನೋಣ. ಇಲಿ ಗುಂಡಿಯನ್ನೇ ಕೆಳಗೆ ತಿರುಗಿಸಿದರೆ ‘ಇಳಿಸಿಕೊಂಡಿತು’. ಗುಂಡಿ 37ರಲ್ಲೇ ಇದ್ದು, ಇಲಿ ನಡುಗಿ, ಕಂದುಕೊಬ್ಬು ಉರಿಸಿ, ಆದರೂ ಸೋತರೆ ‘ಕುಸಿಯಿತು’. ಹೊರಗಿನವರು ಪೆಟ್ಟಿಗೆಯ ಮೇಲೆ ನೀರು ಸುರಿದರೆ ‘ಇಳಿಸಿದರು’.

ಯಾವುದು ಅಂತ ತಿಳಿಯುವುದು ಹೇಗೆ? ಪ್ರಬಂಧದಲ್ಲಿ ಆಮ್ಲಜನಕದ ಬಳಕೆಯ ಗೆರೆ ಇದ್ದರೆ ಅದನ್ನು ನೋಡಿ, ಇಲಿ ಎಷ್ಟು ಉರಿಸುತ್ತಿದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಇಳಿಸಿಕೊಂಡ ಇಲಿಯಲ್ಲಿ ಉರಿಸುವುದು ಮೊದಲು ಕಡಿಮೆಯಾಗುತ್ತದೆ, ಮೈ ಆಮೇಲೆ ನಿಧಾನಕ್ಕೆ ಆರುತ್ತದೆ. ಕುಸಿದ ಇಲಿಯಲ್ಲಿ ಉರಿಸುವುದು ಮೊದಲು ಏರುತ್ತದೆ, ಯಾಕೆಂದರೆ ಅದು ಹೋರಾಡುತ್ತಿದೆ. ಎರಡನೆಯ ಸುಳಿವು ವಾಪಸು ಬಂದದ್ದು. ಹೊರಗಿನ ಬಿಸಿ ಕೊಡದೆ ಇಲಿ ತಾನಾಗಿ 37ಕ್ಕೆ ಮರಳಿದರೆ ಅದು ಇಳಿಸಿಕೊಂಡದ್ದು ಅನ್ನಲು ಒಳ್ಳೆಯ ಆಧಾರ.

ಅರಿವಳಿಕೆ ಕೊಟ್ಟ ಇಲಿಯೂ ಕುಸಿಯುವ ಪೈಕಿಯೇ, ಆದರೆ ಅದು ಹೋರಾಡದೆಯೇ ಕುಸಿಯುತ್ತದೆ. ಗುಂಡಿಯೂ ಕೆಲಸ ಮಾಡುವುದಿಲ್ಲ, ನಡುಕವೂ ಇಲ್ಲ. ಅದಕ್ಕೇ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಇಲಿಯ ಕೆಳಗೆ ಬೆಚ್ಚನೆಯ ಪ್ಯಾಡ್ ಇಡುತ್ತಾರೆ.

ಬೆರಕೆ ಪ್ರಸಂಗಗಳೂ ಇವೆ, ಅಲ್ಲಿ ಕನ್ನಡ ಇನ್ನೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. 2020ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ತಂಡಗಳ ಕೆಲಸ ಒಟ್ಟಿಗೆ ಬಂತು, ಒಂದು ಅಮೆರಿಕದ ಹಾರ್ವರ್ಡ್‌ನದು, ಇನ್ನೊಂದು ಜಪಾನಿನ ತ್ಸುಕುಬಾದ್ದು. ಎರಡೂ ಕಡೆ ಹೈಪೋಥಲಾಮಸ್‌ನ ಕೆಲವು ನರಕೋಶಗಳನ್ನು ಚುರುಕುಗೊಳಿಸಿದಾಗ ಇಲಿಯ ಉರಿಸುವಿಕೆಯೂ ತಾಪಮಾನವೂ ಇಳಿದವು. ಜಪಾನಿನ ತಂಡದ ಇಲಿಗಳು ಎರಡು ದಿನಕ್ಕೂ ಜಾಸ್ತಿ ಹಾಗೇ ಇದ್ದು ಮತ್ತೆ ಮಾಮೂಲಿಗೆ ಬಂದವು, ಮತ್ತು ಆ ಹೊತ್ತಿನಲ್ಲೂ ತಾಪಮಾನದ ಹತೋಟಿ ಕೆಳಗಿನ ಮಟ್ಟದಲ್ಲಿ ನಡೆದೇ ಇತ್ತು. ಇಲ್ಲಿ ಇಳಿಸಿದ್ದು ಯಾರು, ವಿಜ್ಞಾನಿಯಾ ಇಲಿಯಾ? ‘ಇಲಿ ತನ್ನ ತಾಪಮಾನ ಇಳಿಸಿಕೊಳ್ಳುವಂತೆ ಮಾಡಿದರು’ ಅಂತ ಬರೆಯಿರಿ. ಇಬ್ಬರ ಪಾಲೂ ಬಂತು.

ಏರುವುದಕ್ಕೂ ಇದೇ ಲೆಕ್ಕ. ಗುಂಡಿ ಮೇಲಕ್ಕೆ ತಿರುಗಿದರೆ ಮಾತ್ರ ‘ಜ್ವರ’. ಬಿಸಿ ಪೆಟ್ಟಿಗೆಯಲ್ಲಿಟ್ಟು ಮೈ ಕಾದರೆ ಅದು ಜ್ವರವಲ್ಲ, ‘ಮೈ ಕಾಯಿತು’ ಅಷ್ಟೇ. ಇನ್ನೊಂದು ವಿಚಿತ್ರ ನೋಡಿ. ಬ್ಯಾಕ್ಟೀರಿಯಾದ ಹೊರಪದರದ ಒಂದು ವಸ್ತುವನ್ನು ಚುಚ್ಚಿದರೆ, 30 ಡಿಗ್ರಿಯಲ್ಲಿರುವ ಇಲಿಗೆ ಜ್ವರ ಬರುತ್ತದೆ. ಚಳಿಯಲ್ಲಿರುವ ಇಲಿಗೆ, ಅದರಲ್ಲೂ ಪ್ರಮಾಣ ಜಾಸ್ತಿಯಾದರೆ, ತಾಪಮಾನ ಇಳಿಯುತ್ತದೆ. ಸೋಂಕು ಅಂದ ತಕ್ಷಣ ‘ಜ್ವರ ಬಂದ ಇಲಿಗಳು’ ಅಂತ ಬರೆಯುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

6. ಈಗ ಹೆಸರು ಕೊಡಿ

ಟಾರ್ಪರ್: ಉರಿಸುವುದನ್ನು ತಗ್ಗಿಸಿ, ತಾಪಮಾನ ಇಳಿಸಿಕೊಂಡು, ಕೆಲವು ಗಂಟೆ ಇದ್ದು, ತಾನೇ ಎದ್ದು ಬರುವುದು. ತಂಪು ಕೋಣೆಯಲ್ಲಿ ಹಸಿದ ಇಲಿ ಮಾಡುವುದು ಇದನ್ನೇ. ತಾಪಮಾನ 30ರಿಂದ ಕೆಳಗೆ ಹೋಗುತ್ತದೆ, ಕೆಲವೊಮ್ಮೆ ಕೋಣೆಗಿಂತ ಕೆಲವೇ ಡಿಗ್ರಿ ಜಾಸ್ತಿ ಅನ್ನುವ ಮಟ್ಟಕ್ಕೆ. ನೋಡಲು ಚೆಂಡಿನಂತೆ ಸುತ್ತಿಕೊಂಡು, ತುಪ್ಪಳ ಉಬ್ಬಿಸಿಕೊಂಡು ಕೂತಿರುತ್ತದೆ. ಮುಟ್ಟಿದರೆ ಅಂಗೈಗೆ ತಣ್ಣಗೆ ಹತ್ತುತ್ತದೆ. ಎತ್ತಿದರೆ ನಿಧಾನಕ್ಕೆ, ತೂರಾಡುತ್ತಾ ಕಾಲು ಆಡಿಸುತ್ತದೆ.

ಕನ್ನಡದಲ್ಲಿ ಇದಕ್ಕೆ ಒಪ್ಪುವ ಒಂದೇ ಪದ ನನಗೆ ಸಿಕ್ಕಿಲ್ಲ. ‘ಜಡತ್ವ’ ಭೌತಶಾಸ್ತ್ರದವರು ತೆಗೆದುಕೊಂಡಾಯಿತು. ‘ಮಂಕು’ ಅಂದರೆ ಮನಸ್ಸು ಸರಿಯಿಲ್ಲ. ‘ಜೋಂಪು’ ಊಟವಾದ ಮೇಲೆ ಬರುವುದು. ‘ಮರಗಟ್ಟುವುದು’ ಕೈಕಾಲಿಗೆ. ಹಾಗಾಗಿ ‘ಟಾರ್ಪರ್’ ಎಂದೇ ಬರೆದು, ಮೊದಲ ಸಲ ‘ಅಂದರೆ ಖರ್ಚು ಉಳಿಸಲು ಮೈಯ ಉರಿಯನ್ನು ತಗ್ಗಿಸಿಕೊಂಡು ಕೂರುವ ಸ್ಥಿತಿ’ ಎಂದು ಸೇರಿಸುತ್ತೇನೆ. ಒಲೆಯ ಉರಿ ಸಣ್ಣ ಮಾಡುವುದು ಎಲ್ಲರಿಗೂ ಗೊತ್ತು.

ಹೈಬರ್ನೇಶನ್, ಅಂದರೆ ಶೀತನಿದ್ರೆ: ಇದು ಋತುವಿನ ವ್ಯವಹಾರ. ಚಳಿಗಾಲವಿಡೀ ಟಾರ್ಪರ್‌ನ ಸರಣಿ, ಒಂದೊಂದು ಕಂತು ದಿನಗಟ್ಟಲೆ, ವಾರಗಟ್ಟಲೆ. ನಡುನಡುವೆ ಎದ್ದು ಮೈ ಪೂರ್ತಿ ಬಿಸಿ ಮಾಡಿಕೊಂಡು ಮತ್ತೆ ಇಳಿಯುವುದು. ಅಲಾಸ್ಕಾದ ಆರ್ಕ್ಟಿಕ್ ನೆಲದಳಿಲಿನ ಒಳಮೈ ಸೊನ್ನೆಗಿಂತ 2.9 ಡಿಗ್ರಿ ಕೆಳಗೆ ಹೋದದ್ದು 1989ರಲ್ಲಿ ವರದಿಯಾಯಿತು. ಅದು ಹೈಬರ್ನೇಶನ್. ಮನೆಯ ಇಲಿ, ಪ್ರಯೋಗಾಲಯದ ಇಲಿ ಇದನ್ನು ಮಾಡುವುದಿಲ್ಲ. ‘ಇಲಿ ಶೀತನಿದ್ರೆಗೆ ಜಾರಿತು’ ಅಂತ ಬರೆದರೆ ತಪ್ಪು. 2020ರ ಎರಡು ಪ್ರಬಂಧಗಳಲ್ಲಿ ಹಾರ್ವರ್ಡ್‌ನವರು ‘ಟಾರ್ಪರ್’ ಅಂದರು. ಜಪಾನಿನವರು ‘ಹೈಬರ್ನೇಶನ್ ತರಹದ ಸ್ಥಿತಿ’ ಅಂದರು. ಆ ‘ತರಹದ’ ಅನ್ನುವುದು ಬಹಳ ಜೋಪಾನವಾಗಿ ಇಟ್ಟ ಪದ. ಅನುವಾದದಲ್ಲಿ ಮೊದಲು ಉದುರಿಹೋಗುವುದೂ ಅದೇ.

ಶೀತನಿದ್ರೆಯಲ್ಲಿ ಇರುವ ‘ನಿದ್ರೆ’ಯೂ ಪೂರ್ತಿ ನಿಜವಲ್ಲ. ನೆಲದಳಿಲುಗಳು ಆ ಸ್ಥಿತಿಯಿಂದ ಎದ್ದ ಕೂಡಲೇ ಗಾಢವಾಗಿ ನಿದ್ದೆ ಮಾಡುತ್ತವೆ. ಬಾಕಿ ತೀರಿಸುವವರ ಹಾಗೆ! ಆದರೆ ಪದ ರೂಢಿಗೆ ಬಂದಿದೆ, ಬದಲಿಸಲು ಹೋಗುವುದಿಲ್ಲ ನಾನು. ಟಾರ್ಪರ್‌ಗೆ ಮಾತ್ರ ನಿದ್ರೆ ಅನ್ನಬೇಡಿ.

ಕರಡಿಯ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಅಲಾಸ್ಕಾದ ಕಪ್ಪು ಕರಡಿಗಳ ಚಳಿಗಾಲದ ತಾಪಮಾನ 30ರಿಂದ 36ರ ನಡುವೆ ಮಾತ್ರ ಆಡುತ್ತದೆ, ಆದರೆ ಉರಿಸುವುದು ಮಾಮೂಲಿಯ ಕಾಲುಭಾಗಕ್ಕೆ ಇಳಿಯುತ್ತದೆ. ಅದನ್ನು ಹೈಬರ್ನೇಶನ್ ಅನ್ನಬೇಕೋ ಬೇಡವೋ ಅನ್ನುವ ವಾದ ಹಳೆಯದು. ಇಲಿಯ ಲೇಖನದಲ್ಲಿ ಕರಡಿಯನ್ನು ಎಳೆದು ತರದಿರುವುದು ಕ್ಷೇಮ.

ಹೈಪೋಥರ್ಮಿಯಾ: ಸಾಮಾನ್ಯ ಬಳಕೆಯಲ್ಲಿ ಇದು ಕುಸಿತ, ಅಪಾಯ. ‘ಮೈತಾಪದ ಕುಸಿತ’ ಅನ್ನಬಹುದು. ಆದರೆ ಹುಷಾರು, ಪ್ರಬಂಧಗಳಲ್ಲಿ ಕೆಲವೊಮ್ಮೆ ಬರೀ ‘ತಾಪಮಾನ ಕಡಿಮೆ ಇತ್ತು’ ಅನ್ನುವುದಕ್ಕೂ ಇದೇ ಪದ ಹಾಕುತ್ತಾರೆ. ಅಲ್ಲಿ ಐದನೇ ಹಂತಕ್ಕೆ ವಾಪಸು ಹೋಗಿ, ಕ್ರಿಯಾಪದ ಕೇಳಿ.

7. ಅಂಕಿಗಳನ್ನು ಇನ್ನೊಮ್ಮೆ ಲೆಕ್ಕ ಹಾಕಿ

ನಮ್ಮಲ್ಲಿ ಜ್ವರವನ್ನು ಫ್ಯಾರನ್‌ಹೀಟ್‌ನಲ್ಲಿ ಹೇಳುವುದು ರೂಢಿ. ‘ನೂರಾ ಎರಡು ಜ್ವರ’ ಅಂದರೆ ಅಜ್ಜಿಗೂ ಗೊತ್ತು. ಹಾಗಾಗಿ ಸೆಲ್ಸಿಯಸ್ಸನ್ನು ಬದಲಿಸಿ ಬರೆಯುವ ಆಸೆ ಸಹಜ. ಹಾಗೆ ಬದಲಿಸುವಾಗಲೇ ಎಡವುವುದು. 37 ಡಿಗ್ರಿ ಸೆಲ್ಸಿಯಸ್ ಅಂದರೆ 98.6 ಫ್ಯಾರನ್‌ಹೀಟ್, ಸರಿ. ಆದರೆ ‘10 ಡಿಗ್ರಿ ಸೆಲ್ಸಿಯಸ್ ಇಳಿಯಿತು’ ಅನ್ನುವುದನ್ನು ಮೊಬೈಲಿಗೆ ಕೊಟ್ಟರೆ ಅದು 50 ಅನ್ನುತ್ತದೆ. ಅದು 10 ಡಿಗ್ರಿ ಅನ್ನುವ ತಾಪಮಾನ. ನಮಗೆ ಬೇಕಾದದ್ದು 10 ಡಿಗ್ರಿಯ ಅಂತರ, ಅದು 18. ಅಂತರವನ್ನು 1.8ರಿಂದ ಗುಣಿಸಬೇಕು, 32 ಕೂಡಿಸಬಾರದು.

‘ಅರ್ಧದಷ್ಟು ತಣ್ಣಗಾಯಿತು’, ‘ಶೇಕಡಾ 30 ಇಳಿಯಿತು’ ಇವೂ ಬೇಡ. ಸೆಲ್ಸಿಯಸ್‌ನ ಸೊನ್ನೆ ನಾವು ನೀರು ನೋಡಿ ಇಟ್ಟುಕೊಂಡದ್ದು, ಅದರ ಮೇಲೆ ಶೇಕಡಾವಾರು ನಿಲ್ಲುವುದಿಲ್ಲ. ಉರಿಸುವ ಪ್ರಮಾಣಕ್ಕಾದರೆ ಶೇಕಡಾ ಧಾರಾಳವಾಗಿ ಬಳಸಿ. ‘37ರಿಂದ 27ಕ್ಕೆ’ ಅಂದರೆ ತಾಪಮಾನದ ಮಟ್ಟಿಗೆ ಎಲ್ಲ ಹೇಳಿದ ಹಾಗೆ.

8. ಮನುಷ್ಯರ ಕಡೆ ಹಾರುವ ಮುನ್ನ

2005ರಲ್ಲಿ ಅಮೆರಿಕದ ಸಿಯಾಟಲ್‌ನ ತಂಡವೊಂದು ಇಲಿಗಳಿಗೆ ಅತಿ ಸ್ವಲ್ಪ ಹೈಡ್ರೋಜನ್ ಸಲ್ಫೈಡ್ ಕೊಟ್ಟಿತು. ಕೊಳೆತ ಮೊಟ್ಟೆಯ ವಾಸನೆಯ, ಜಾಸ್ತಿಯಾದರೆ ಕೊಲ್ಲುವ ಅನಿಲ ಅದು. ಇಲಿಗಳ ಉರಿಸುವಿಕೆ ತಗ್ಗಿ, 13 ಡಿಗ್ರಿಯ ಕೋಣೆಯಲ್ಲಿ ಮೈ 15ಕ್ಕೆ ಇಳಿಯಿತು. ಆಮೇಲೆ ಚೇತರಿಸಿಕೊಂಡವು. ಮನುಷ್ಯರನ್ನೂ ಹೀಗೆ ಮಲಗಿಸಬಹುದು ಅನ್ನುವ ಉತ್ಸಾಹ ಎದ್ದಿತು. ಮುಂದೆ ಹಂದಿಮರಿ, ಕುರಿಗಳ ಮೇಲೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ.

ಕಾರಣದ ಒಂದು ಭಾಗ ಮೊದಲ ಹಂತದಲ್ಲೇ ಇದೆ, ಮೈಯ ಗಾತ್ರ. 25 ಗ್ರಾಂನ ಇಲಿ ಉರಿ ಸಣ್ಣ ಮಾಡಿದರೆ ಗಂಟೆಯೊಳಗೆ ಆರುತ್ತದೆ, 60 ಕೆಜಿಯ ಮೈ ಅಷ್ಟು ಬೇಗ ಆರುವುದಿಲ್ಲ. ಅದಕ್ಕೇ ‘ಮುಂದೊಂದು ದಿನ ಮನುಷ್ಯರಿಗೂ’ ಅನ್ನುವ ಸಾಲು ಪ್ರಬಂಧದಲ್ಲೇ ಇದ್ದರೆ, ಯಾರು ಹೇಳಿದ್ದು ಅಂತ ಸೇರಿಸಿ ಹಾಕಿ. ಇಲ್ಲದಿದ್ದರೆ ನೀವಾಗಿ ಸೇರಿಸಬೇಡಿ.

ಒಂದು ವಾಕ್ಯ ತಿದ್ದಿ ನೋಡೋಣ

ಇದು ನಾನೇ ಕಟ್ಟಿದ ಕೆಟ್ಟ ವಾಕ್ಯ, ಎಲ್ಲ ತಪ್ಪೂ ಒಟ್ಟಿಗೆ ಸಿಗಲಿ ಅಂತ:

‘ವಿಜ್ಞಾನಿಗಳು ಹೆಗ್ಗಣಗಳನ್ನು ಉಪವಾಸ ಕೆಡವಿ ಶೀತನಿದ್ರೆಗೆ ದೂಡಿದಾಗ ಅವುಗಳ ಉಷ್ಣ 50 ಡಿಗ್ರಿ ಫ್ಯಾರನ್‌ಹೀಟ್ ಕುಸಿದು, ಮೈ ತಣ್ಣಗಾಯಿತು.’

ಚೀಟಿ ತೆಗೆಯಿರಿ. ಪ್ರಾಣಿ: ಚಿಕ್ಕ ಇಲಿ. ಅಳತೆ: ಹೊಟ್ಟೆಯೊಳಗಿನ ಟೆಲಿಮೆಟ್ರಿ. ಕೋಣೆ: 20 ಡಿಗ್ರಿ. ಊಟ: ಒಂದು ದಿನ ಇಲ್ಲ. ವಾಪಸು: ತಾನಾಗಿ, ಕೆಲವು ಗಂಟೆಗಳಲ್ಲಿ. ಹಾಗಾದರೆ ಕ್ರಿಯಾಪದ ‘ಇಳಿಸಿಕೊಂಡವು’, ಹೆಸರು ಟಾರ್ಪರ್, ಅಂಕಿ 37ರಿಂದ 27.

‘ಒಂದು ದಿನ ಊಟವಿಲ್ಲದೆ, 20 ಡಿಗ್ರಿಯ ಕೋಣೆಯಲ್ಲಿ, ಅಂದರೆ ಇಲಿಗೆ ಚಳಿ ಅನ್ನಿಸುವ ಹವೆಯಲ್ಲಿ ಇಟ್ಟಾಗ, ಇಲಿಗಳು ಒಳಮೈಯ ತಾಪಮಾನವನ್ನು 37ರಿಂದ 27 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿಕೊಂಡವು. ಖರ್ಚು ಉಳಿಸಲು ಮೈಯ ಉರಿಯನ್ನು ತಗ್ಗಿಸಿಕೊಂಡು ಕೂರುವ ಈ ಸ್ಥಿತಿಗೆ ಟಾರ್ಪರ್ ಎನ್ನುತ್ತಾರೆ. ಕೆಲವು ಗಂಟೆಗಳ ನಂತರ ತಾವಾಗಿಯೇ ಮತ್ತೆ ಬೆಚ್ಚಗಾದವು.’

ಒಂದು ವಾಕ್ಯ ಇದ್ದದ್ದು ಮೂರಾಯಿತು. ಜಾಗ ಇಲ್ಲ ಅಂತ ಕತ್ತರಿ ಹಾಕಲೇಬೇಕಾದರೆ ಟಾರ್ಪರ್ ಅನ್ನುವ ವಾಕ್ಯವನ್ನು ಪೂರ್ತಿ ತೆಗೆಯಿರಿ, ಓದುಗರಿಗೆ ನಷ್ಟವಿಲ್ಲ. ‘20 ಡಿಗ್ರಿಯ ಕೋಣೆ’, ‘ಇಳಿಸಿಕೊಂಡವು’, ‘ತಾವಾಗಿಯೇ’ ಈ ಮೂರನ್ನು ಮಾತ್ರ ಮುಟ್ಟಲು ಬಿಡಬೇಡಿ.